ಒಂದ್ನಿಮಿಷ ಹಿಡ್ಕೊಳ್ಳಿ

ಬಾವಿ ಹತ್ತಿರ ಬಂದಾಗ ರಾತ್ರಿ ಹತ್ತೂವರೆ ಆಗಿತ್ತಂತೆ.

ಮುಂದೆ ಗಂಡ, ಕೈಯಲ್ಲಿ ಟಾರ್ಚು. ನಾಲ್ಕು ಹೆಜ್ಜೆ ಹಿಂದೆ ಹೆಂಡತಿ. ಅವಳಿಗೂ ದಾರಿ ಕಾಣ್ಲಿ ಅಂತ ಟಾರ್ಚನ್ನ ಹಿಂದಕ್ಕೆ ತಿರುಗಿಸೋ ಪೈಕಿ ಅಲ್ಲ ಅವನು. ಎಡಗಡೆ ಬಾಗಿಲು ಹಾಕಿದ ಅಂಗಡಿಗಳ ಸಾಲು. ಬಲಗಡೆ ಕತ್ತಲೆ. ಕತ್ತಲೆಯಾಚೆ ಸಮುದ್ರ. ಚಳಿಗಾಲದಲ್ಲಿ ಸಮುದ್ರದ ಸದ್ದು ಬೇರೆ... ಧೋ ಅನ್ನಲ್ಲ. ಯಾರೋ ಭಾರದ ಗೋಣಿಚೀಲ ಎಳ್ಕೊಂಡು ಹೋದ ಹಾಗೆ. ಸರ್ರ್... ನಿಲ್ಲುತ್ತೆ. ಮತ್ತೆ ಸರ್ರ್...

ಅದರ ಮಧ್ಯೆ ಇನ್ನೊಂದು ಸದ್ದು. ಕಿರ್ರ್... ಕಿಟ್. ಕಿರ್ರ್... ಕಿಟ್.

ಬಾವಿಯ ರಾಟೆ.

ಕಟ್ಟೆ ಪಕ್ಕ ಯಾರೋ ನಿಂತಿದ್ರು. ತಲೆ ಮುಚ್ಚೋ ಹಾಗೆ ಶಾಲು. ಗಂಡಸೋ ಹೆಂಗಸೋ ತಿಳೀಲಿಲ್ಲ. ಎರಡೂ ಕೈಯಲ್ಲಿ ಹಗ್ಗ ಬಿಗಿ ಹಿಡಿದಿದ್ರು. ಇವರನ್ನ ಕಂಡು ಮೆಲ್ಲಗೆ, ತುಂಬ ಮರ್ಯಾದೆಯಿಂದ ಅಂದ್ರಂತೆ...

"ಒಂದ್ನಿಮಿಷ ಹಿಡ್ಕೊಳ್ಳಿ... ಬಂದೆ."

ತಡೀರಿ. ಇವರಿಬ್ಬರು ಯಾರು ಅಂತ ಹೇಳ್ಬಿಡ್ತೀನಿ. ಇಲ್ದಿದ್ರೆ ಅವಳು ಆಮೇಲೆ ಮಾಡಿದ್ದು ನಿಮಗೆ ಅರ್ಥ ಆಗಲ್ಲ.

ಅವಳು ನನ್ನ ಚಿಕ್ಕಮ್ಮನ ಮಗಳು. ಗುಬ್ಬಿ ಅಂತೀವಿ ಮನೇಲಿ. ಆಸ್ಪತ್ರೆ ಲ್ಯಾಬಲ್ಲಿ ರಕ್ತ ತೆಗೆಯೋ ಕೆಲಸ. ಎಂಥಾ ಅಳೋ ಮಗು ಆದ್ರೂ ಒಂದೇ ಚುಚ್ಚಿಗೆ ನರ ಸಿಗ್ಬೇಕು ಅವಳಿಗೆ. ಅವಳ ಕೈ ನಡುಗಿದ್ದು ನಾನು ನೋಡಿಲ್ಲ.

ಅವಳ ಗಂಡನಿಗೆ ನಾವಿಟ್ಟ ಹೆಸರು ಗೊತ್ತಪ್ಪ. ಏನು ಹೇಳೋಕೆ ಹೋದ್ರೂ "ನಂಗೊತ್ತು" ಅಂತಾನಲ್ಲ, ಅದಕ್ಕೆ. ಗುಬ್ಬಿ ಅಪ್ಪ, ಅಂದ್ರೆ ನಮ್ಮ ಚಿಕ್ಕಪ್ಪ, ತೀರ್ಕೊಂಡ ದಿನ ಅವಳು ಅಳ್ತಾ ಫೋನ್ ಮಾಡಿದ್ರೆ, "ನಂಗೊತ್ತಿತ್ತು, ಹೋದ ತಿಂಗಳೇ ಮುಖ ಊದಿತ್ತು" ಅಂದ ಮಹಾನುಭಾವ. ಡ್ರೈವಿಂಗ್ ಲೈಸೆನ್ಸಿಗೆ ಟೆಸ್ಟ್ ತಗೊಳ್ಳೋ ಇನ್ಸ್‌ಪೆಕ್ಟರು. ದಿನವಿಡೀ ಪಕ್ಕದ ಸೀಟಲ್ಲಿ ಕೂತು, ಬೆವರೋ ಜನರನ್ನ ನೋಡ್ತಾ, ಪೆನ್ನಿನ ಕ್ಯಾಪು ಟಿಕ್ ಟಿಕ್ ಅನ್ನಿಸ್ತಾ ಫೇಲ್ ಮಾಡೋದು ಉದ್ಯೋಗ. ಫೇಲ್ ಮಾಡಿದಾಗ ಅವನ ಮುಖದಲ್ಲಿ ಒಂದು ತೃಪ್ತಿ ಬರುತ್ತೆ ನೋಡಿ... ಹೊಟ್ಟೆ ತುಂಬ ಉಂಡು ಬೆಲ್ಟ್ ಸಡಿಲ ಮಾಡ್ಕೊಂಡೋರ ಥರ.

ಗುಬ್ಬಿಯೂ ಇವನ ಹತ್ರಾನೇ ಟೆಸ್ಟ್ ಕೊಟ್ಟವಳು. ಎರಡು ಸಲ ಫೇಲ್ ಮಾಡಿದ. ಮೂರನೇ ಸಲ ಪಾಸ್ ಮಾಡಿ, ಅರ್ಜಿಯಲ್ಲಿದ್ದ ನಂಬರ್ ನೋಡಿ ಫೋನ್ ಮಾಡಿದ. ಆರು ತಿಂಗಳಿಗೆ ಮದುವೆ. ನಮ್ಮ ಮನೆಯೋರು ಇದನ್ನ ದೊಡ್ಡ ಪ್ರೇಮಕತೆ ಅಂತ ಹತ್ತು ವರ್ಷ ಊರೆಲ್ಲ ಹೇಳ್ಕೊಂಡು ತಿರುಗಿದ್ರು. "ಹಟ ಬಿಡದೆ ಮೂರು ಸಲ ಹೋದ್ಲಲ್ಲ, ಮನಸ್ಸಿತ್ತು ಬಿಡಿ ಅವಳಿಗೂ" ಅಂತ. ನಮ್ಮೋರ ಬುದ್ಧಿಗೆ ಏನು ಹೇಳೋಣ.

ಚಳಿಗಾಲದಲ್ಲಿ ಸಮುದ್ರ ನೋಡ್ಬೇಕು ಅನ್ನೋದು ಗುಬ್ಬಿ ಆಸೆ. ಜನ ಇಲ್ಲದಾಗ, ಗದ್ದಲ ಇಲ್ಲದಾಗ, ಸುಮ್ನೆ ಕೂತು ನೋಡ್ಬೇಕು ಅಂತ. ಹತ್ತು ವರ್ಷ ಕೇಳಿದ್ಲು. ಹತ್ತು ವರ್ಷವೂ "ಚಳೀಲಿ ಯಾವ ಹುಚ್ಚರು ಹೋಗ್ತಾರೆ" ಅಂದ. ಈ ಸಲ ಅವನ ಆಫೀಸಿನ ಕೆಳಗಿನ ಗುಮಾಸ್ತ ಹೆಂಡತಿ ಜೊತೆ ಹೋಗಿ ಬಂದು ಫೋಟೋ ತೋರಿಸಿದ. ತನಗಿಂತ ಕೆಳಗಿನವನು ನೋಡಿದ್ದನ್ನ ತಾನು ನೋಡಿಲ್ಲ ಅಂದ್ರೆ ಹೇಗೆ? ಮಾರನೇ ದಿನವೇ ರಜೆ ಹಾಕಿದ.

ಕಾರು ಓಡಿಸಿದ್ದು ಗುಬ್ಬಿ. ಇವನು ಓಡಿಸಲ್ಲ. ಪಕ್ಕದಲ್ಲಿ ಕೂರ್ತಾನೆ. ಏಳು ಗಂಟೆ ದಾರಿ, ತೊಡೆ ಮೇಲೆ ಪುಟ್ಟ ಪುಸ್ತಕ.

"ಇಂಡಿಕೇಟರ್ ತಡ ಆಯ್ತು. ಮೈನಸ್ ಎರಡು."

"ತಿರುವಲ್ಲಿ ಕ್ಲಚ್ ತುಳಿದೆ. ಮೈನಸ್ ಮೂರು."

ಸಮುದ್ರ ಕಾಣೋ ಹೊತ್ತಿಗೆ ಗುಬ್ಬಿ ಟೆಸ್ಟಲ್ಲಿ ನಾಲ್ಕು ಸಲ ಫೇಲಾಗಿದ್ಲು. ಗುಡ್ಡ ಇಳಿದು, ಕೊನೇ ತಿರುವು ದಾಟಿ, ಬೂದಿ ಬಣ್ಣದ ನೀರು ಅಷ್ಟಗಲ ಕಂಡಾಗ ಅವಳು ಕಾರು ನಿಲ್ಲಿಸಿ ಗಾಜು ಇಳಿಸಿದ್ಲು. ಅವನು ಒಂದ್ಸಲ ನೋಡಿ,

"ಇಷ್ಟೇನಾ?" ಅಂದ.

ಇಷ್ಟೇನಾ ಅಂತೆ! ಸಮುದ್ರಕ್ಕೆ!

ಇಳಿದುಕೊಂಡಿದ್ದು ಒಬ್ಬ ವಿಧವೆಯ ಮನೆ. ಕೆಳಗೆ ಆಕೆ, ಮೇಲೆ ಬಾಡಿಗೆಗೆ ಕೊಡೋ ಮೂರು ರೂಮು. ಚಳಿಗಾಲ ಅಂತ ಬೇರೆ ಯಾರೂ ಇರ್ಲಿಲ್ಲ. ಕಬ್ಬಿಣದ ಮಂಚ, ಉಪ್ಪುಗಾಳಿಗೆ ಕಪ್ಪಾದ ಕನ್ನಡಿ, ಕಿಟಕಿ ತೆಗೆದ್ರೆ ಕೆಳಗೆ ನೇರ ಆ ಬಾವಿ. ಮನೆಯೊಡತಿ ಬೀಗದ ಕೈ ಕೊಡ್ತಾ ಹೇಳಿದ್ಲಂತೆ, "ಬಾವಿ ನೀರು ಉಪ್ಪು. ಯಾರೂ ಸೇದಲ್ಲ. ರಾತ್ರಿ ಹೊತ್ತು ಅಲ್ಲಿ ಯಾರಾದ್ರೂ ಹಗ್ಗ ಹಿಡ್ಕೊಳ್ಳಿ ಅಂದ್ರೆ... ಹಿಡೀಬೇಡಿ. ಹಿಡಿದ್ರೆ ಬಿಡ್ಬೇಡಿ."

ಗೊತ್ತಪ್ಪನಿಗೆ ಹಬ್ಬ. ಪೆನ್ನಿನ ಕ್ಯಾಪು ಟಿಕ್ ಅಂತು.

"ಯಾರೂ ಸೇದದ ಬಾವಿಗೆ ಹಗ್ಗ ಯಾಕ್ರೀ?"

"ಹಗ್ಗ ನಾವು ಕಟ್ಟಿದ್ದಲ್ಲ."

"ಮತ್ಯಾರು ಕಟ್ಟಿದ್ದು? ನೀವು ಕಣ್ಣಾರೆ ನೋಡಿದೀರಾ? ಯಾವ ವರ್ಷ? ದೆವ್ವದ ಕತೆ ಹೇಳಿದ್ರೆ ಗಿರಾಕಿ ಜಾಸ್ತಿ ಬರ್ತಾರಾ, ಕಮ್ಮಿ ಬರ್ತಾರಾ?"

ಆಕೆ ಬೇಜಾರೂ ಮಾಡ್ಕೊಳ್ಳಲಿಲ್ಲ. "ಹೇಳೋದು ಹೇಳಿದೀನಿ. ಬಿಸಿನೀರು ಬೆಳಿಗ್ಗೆ ಎಂಟರವರೆಗೆ ಮಾತ್ರ" ಅಂತ ಹೊರಟೇಹೋದ್ಲು.

ಮೆಟ್ಟಿಲು ಹತ್ತುತ್ತಾ ಅವನು ಜೋರಾಗೇ ಅಂದ, ಆಕೆಗೆ ಕೇಳ್ಲಿ ಅಂತಾನೇ, "ಓದಿಲ್ಲ ಬರೆದಿಲ್ಲ. ಇವರಿಗೆಲ್ಲ ಗಾಡಿ ಕೊಟ್ರೆ ಗೋಡೆಗೆ ಗುದ್ದೋ ಜನ."

ಆ ರಾತ್ರಿ ಊಟಕ್ಕೆ ದಂಡೆಯ ಮೇಲೆ ತೆರೆದಿದ್ದ ಒಂದೇ ಒಂದು ಹೋಟೆಲಿಗೆ ಹೋದ್ರು. ಹೊರಗೆ ಪ್ಲಾಸ್ಟಿಕ್ ಕುರ್ಚಿಗಳನ್ನ ತಲೆಕೆಳಗು ಮಾಡಿ ಸರಪಳಿ ಬಿಗಿದಿದ್ರು. ಒಳಗೆ ಒಂದು ಟ್ಯೂಬ್‌ಲೈಟು ಜುಯ್ ಅಂತಿತ್ತು. ಮೀನು ತಾಜಾ ಇಲ್ಲ ಅಂತ ಎರಡು ಸಲ ವಾಪಸ್ ಕಳಿಸಿದ ಗೊತ್ತಪ್ಪ. ಮೀನು ಹೇಗೆ ಹುರೀಬೇಕು ಅಂತ, ಮೂವತ್ತು ವರ್ಷದಿಂದ ಮೀನು ಹುರೀತಿದ್ದ ಮುದುಕನಿಗೆ ಅರ್ಧ ಗಂಟೆ ಪಾಠ ಹೇಳಿದ. ಗುಬ್ಬಿ ತಟ್ಟೆ ನೋಡ್ತಾ ಕೂತಿದ್ಲು. ಅಲ್ಲಿಂದ ಹೊರಟಾಗಲೇ ಹತ್ತು ಕಳೆದಿತ್ತು. ಹಾಗಾಗಿ ಅಷ್ಟು ಹೊತ್ತಲ್ಲಿ ಆ ದಾರಿ.

ಈಗ ಬಾವಿ ಹತ್ರ ಬನ್ನಿ.

"ಒಂದ್ನಿಮಿಷ ಹಿಡ್ಕೊಳ್ಳಿ... ಬಂದೆ."

ಗೊತ್ತಪ್ಪ ಟಾರ್ಚನ್ನ ನೇರ ಆ ಶಾಲಿನ ಮುಖಕ್ಕೆ ಬಿಟ್ಟ. ಬೆಳಕು ಹೋಯ್ತು... ಮುಖ ಕಾಣ್ಲಿಲ್ಲ. ಶಾಲಿನ ನೆರಳು ಅಷ್ಟು ದಟ್ಟ ಇತ್ತೋ ಏನೋ.

"ನಾವೇನು ನಿಮ್ಮನೆ ಆಳುಗಳಾ?" ಅಂದ. "ಆ ಮುದುಕಿ ಕಳಿಸಿದ್ಲಾ? ನಾಟಕ ಚೆನ್ನಾಗಿದೆ. ಹೋಗಿ ಹೇಳಿ, ಹೆದರೋರು ಬೇರೆ ಇದ್ದಾರೆ ಅಂತ."

ಶಾಲಿನವರು ಅಲುಗಾಡಲಿಲ್ಲ. ಕೈ ಮಾತ್ರ ನಡುಗ್ತಿತ್ತಂತೆ. ತುಂಬ ಹೊತ್ತಿನಿಂದ ಹಿಡಿದಿರೋರ ಕೈ ನಡುಗುತ್ತಲ್ಲ, ಹಾಗೆ.

ಗುಬ್ಬಿಗೆ ನಾಚಿಕೆ ಆಯ್ತಂತೆ. ದೆವ್ವ ಗಿವ್ವ ಯಾವುದೂ ತಲೆಗೆ ಬರ್ಲಿಲ್ಲವಂತೆ ಆಗ. ಹೋಟೆಲಿನ ಮುದುಕನ ಮುಂದೆ, ಮನೆಯೊಡತಿ ಮುಂದೆ, ಈಗ ಇವರ ಮುಂದೆ... ಎಷ್ಟು ಜನರ ಮುಂದೆ ತಲೆ ತಗ್ಗಿಸ್ಬೇಕು ಒಂದು ದಿನಕ್ಕೆ? ಸೀದಾ ಹೋಗಿ ಹಗ್ಗ ಹಿಡಿದ್ಲು.

"ಹೋಗಿ ಬನ್ನಿ. ನಾನಿರ್ತೀನಿ."

ಶಾಲಿನವರು ಕೈ ಬಿಟ್ರು. ಉಶ್... ಅಂತ ಉಸಿರು ಬಿಟ್ರಂತೆ. ಬಾವಿ ಸುತ್ತಿ ಆ ಕಡೆ ಗೋಡೆಯ ಮರೆಗೆ ಹೋದ್ರು. ಹೆಜ್ಜೆ ಸದ್ದು ಮಾತ್ರ ಬರ್ಲಿಲ್ಲ.

"ನಿಂಗೆ ಇದೇ ಲಾಯಕ್ಕು" ಅಂದ ಗೊತ್ತಪ್ಪ. "ನಿಂತಿರು ಕಂಬದ ಥರ. ನಂಗೆ ನಿದ್ದೆ ಬರ್ತಿದೆ."

ಟಾರ್ಚು ತಗೊಂಡೇ ಹೋದ. ಗೇಟು ಠಣ್ ಅಂತು. ಮೇಲೆ ರೂಮಿನ ದೀಪ ಹತ್ತಿತು. ಕಿಟಕಿಯಲ್ಲಿ ಅವನ ಆಕಾರ. ತಲೆ ಮೇಲಿಂದ ಸ್ವೆಟರ್ ಎಳೆದು ತೆಗೀತಿದ್ದದ್ದು ಅವಳಿಗೆ ಸ್ಪಷ್ಟ ಕಾಣ್ತಿತ್ತು. ಇದನ್ನ ನೆನಪಿಟ್ಕೊಳ್ಳಿ. ಅವನು ಮೇಲಿದ್ದ.

ಹಗ್ಗ ಭಾರ ಇತ್ತು. ಕೊಡದ ಭಾರ ಅಲ್ಲ. ತುಂಬಿದ ಕೊಡ ಸುಮ್ನೆ ತೂಗುತ್ತೆ. ಇದು ಒಳಗಿಂದ ಜಗ್ಗುತ್ತಿತ್ತು... ಬಿಡ್ತಿತ್ತು... ಜಗ್ಗುತ್ತಿತ್ತು.

ಒಂದು ನಿಮಿಷ ಆಯ್ತು. ಐದು ಆಯ್ತು. ಶಾಲಿನವರು ಬರ್ಲಿಲ್ಲ.

ಆಗ ಕೆಳಗಿಂದ...

"ಬಿಡ್ಬೇಡ ಕಣೇ."

ಗಂಡನ ದನಿ.

ಗುಬ್ಬಿ ತಲೆ ಎತ್ತಿ ಕಿಟಕಿ ನೋಡಿದ್ಲು. ಅಲ್ಲೇ ಇದ್ದಾನೆ. ಕನ್ನಡಿ ಮುಂದೆ ನಿಂತು ತಲೆ ಬಾಚ್ತಿದ್ದಾನೆ. ಮಲಗೋಕೆ ಮುಂಚೆ ತಲೆ ಬಾಚೋ ಗಂಡಸು! ಅದಿರಲಿ.

ಬಾವಿಯೊಳಗೆ ಬಗ್ಗಿ ಪಿಸುಗುಟ್ಟಿದ್ಲು. "ಯಾರದು?"

"ನಾನು ಕಣೇ... ಚಳಿ."

"ನೀವು ಮೇಲಿದೀರಿ."

"ಅವನು ಮೇಲಿದ್ದಾನೆ. ನಾನು ಇಲ್ಲಿದೀನಿ. ದಯವಿಟ್ಟು..."

ದಯವಿಟ್ಟು! ಹತ್ತು ವರ್ಷದಲ್ಲಿ ಆ ಬಾಯಿಂದ ಆ ಮಾತು ಕೇಳಿರ್ಲಿಲ್ಲ ಅವಳು. ಮೈ ಜುಂ ಅಂದಿದ್ದು ಆಗಲೇ ಅಂತೆ. ಬಾವಿಯೊಳಗಿಂದ ದನಿ ಬಂತಲ್ಲ, ಅದಕ್ಕಲ್ಲ. ಈ ಮಾತಿಗೆ.

ಕೆಳಗಿನದು ಅಳ್ತಿತ್ತು. ಅತ್ತು ಅತ್ತು ಒಂದು ಮಾತು ಹೇಳ್ತು.

"ಎರಡನೇ ಸಲ ನೀನು ಪಾಸಾಗಿದ್ದೆ. ಒಂದು ತಪ್ಪೂ ಇರ್ಲಿಲ್ಲ. ನಾನೇ ಫೇಲ್ ಅಂತ ಬರೆದೆ... ಇನ್ನೊಂದ್ಸಲ ಬರಲಿ ಅಂತ."

ಗುಬ್ಬಿ ಕೈ ನಡುಗಲಿಲ್ಲ. ಹೇಳಿದ್ನಲ್ಲ, ಅವಳ ಕೈ ನಡುಗಲ್ಲ. ಆದ್ರೆ ಎರಡನೇ ಸಲ ಫೇಲಾದ ದಿನ ಅವಳು ನಮ್ಮನೆಗೆ ಬಂದು ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಅತ್ತಿದ್ದು ನನಗೆ ಗೊತ್ತು. ಆಗ ದೂರದ ಊರಲ್ಲಿ ಅವಳಿಗೊಂದು ಒಳ್ಳೇ ಕೆಲಸ ಸಿಕ್ಕಿತ್ತು. ಹಳ್ಳಿ ಹಳ್ಳಿಗೆ ಲ್ಯಾಬಿನ ಗಾಡಿ ಓಡಿಸ್ಕೊಂಡು ಹೋಗೋ ಕೆಲಸ. ಲೈಸೆನ್ಸ್ ಇಲ್ಲ ಅಂತ ಕೈತಪ್ಪಿತು. ಅಲ್ಲಿಗೆ ಹೋಗಿದ್ರೆ ಈ ಪ್ರಾಣಿಯನ್ನ ಕಟ್ಕೊಳ್ತಾನೇ ಇರ್ಲಿಲ್ಲ.

ಮೇಲೆ ಕಿಟಕಿ ದಡಾರ್ ಅಂತ ತೆರೀತು. "ಇನ್ನೂ ಅಲ್ಲೇ ಇದೀಯಾ? ತಲೆ ಕೆಟ್ಟಿದೆಯಾ ನಿಂಗೆ?"

ಕೆಳಗಿನದು ತಟ್ಟನೆ ಸುಮ್ಮನಾಯ್ತು.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಟಪ್... ಟಪ್... ಟಪ್. ಗೇಟು ಠಣ್. ಗೊತ್ತಪ್ಪ ಬಂದ. ಬನಿಯನ್ನಿನ ಮೇಲೆ ಕೋಟು, ಬಾಯಲ್ಲಿ ಆಕಳಿಕೆ. ಟಾರ್ಚನ್ನ ಬಾವಿಯೊಳಗೆ ಬಿಟ್ಟ. ಕಪ್ಪು ಬಿಟ್ಟು ಏನೂ ಕಾಣ್ಲಿಲ್ಲ.

"ಖಾಲಿ ಬಾವಿಗೆ ಹಗ್ಗ ಹಿಡ್ಕೊಂಡು ನಿಂತಿದೀಯಲ್ಲ, ನಿನ್ನ ಅಪ್ಪ ಅಮ್ಮ..."

"ರೀ" ಅಂದ್ಲು ಗುಬ್ಬಿ. ಮೆಲ್ಲಗೆ. "ಎರಡನೇ ಸಲ ನಾನು ಪಾಸಾಗಿದ್ನಾ?"

ಸಮುದ್ರ ಒಂದ್ಸಲ ಸರ್ರ್ ಅಂತು. ಆಮೇಲೆ ಅವನು ನಕ್ಕ.

"ಯಾರು ಹೇಳಿದ್ರು ನಿಂಗೆ?"

ಇಲ್ಲ ಅನ್ನಲಿಲ್ಲ ನೋಡಿ. ಯಾರು ಹೇಳಿದ್ರು ಅಂದ. ನಗ್ತಾ ಅಂದ. "ಹೋಗ್ಲಿ ಬಿಡೇ. ಫೇಲ್ ಮಾಡಿದ್ದಕ್ಕೆ ತಾನೇ ನನ್ನಂಥ ಗಂಡ ಸಿಕ್ಕಿದ್ದು. ಕೊಡಿಲ್ಲಿ ಹಗ್ಗ. ಒಂದು ಹಗ್ಗ ಹಿಡಿಯೋಕೂ ಬರಲ್ಲ. ಹಿಡಿಯೋದು ಹೀಗಾ?"

ಕೈ ಚಾಚಿದ. ಗುಬ್ಬಿ ಕೊಟ್ಲು.

ಅವನ ಎರಡೂ ಕೈಗೆ ಹಗ್ಗ ಸರಿಯಾಗಿ ಕೂತಿದೆಯಾ ಅಂತ ನೋಡಿದ್ಲು. ರಕ್ತ ತೆಗೆಯೋಕೆ ಮುಂಚೆ ನರ ನೋಡ್ತಾಳಲ್ಲ, ಹಾಗೆ. ಆಮೇಲೆ ತನ್ನ ಕೈ ಬಿಟ್ಲು.

ಹಗ್ಗ ಜಗ್ಗಿತು. ಅವನು ಒಂದು ಹೆಜ್ಜೆ ಮುಂದೆ ಹೋಗಿ ಕಟ್ಟೆಗೆ ಒತ್ತಿ ನಿಂತ. ನಗು ಅರ್ಧಕ್ಕೇ ನಿಂತಿತು.

"ಏ... ಏನಿದು? ಭಾರ ಇದೆ. ಏ, ಬಾ ಇಲ್ಲಿ, ಹಿಡ್ಕೋ!"

ಗುಬ್ಬಿ ಆಗಲೇ ತಿರುಗಿದ್ಲು. ತಿರುಗಿದವಳು ತುಂಬ ಮರ್ಯಾದೆಯಿಂದ,

"ಒಂದ್ನಿಮಿಷ ಹಿಡ್ಕೊಳ್ಳಿ... ಬಂದೆ" ಅಂದ್ಲಂತೆ.

ಹೋದ್ಲು. ಗೇಟು ಮೆಲ್ಲಗೆ ಹಾಕಿದ್ಲು. ಮೆಟ್ಟಿಲು ಹತ್ತಿದ್ಲು. ಒಂದು ಲೋಟ ನೀರು ಕುಡಿದು, ಮಂಚದ ಮೇಲೆ ಕೂತು, ಕೈಯಲ್ಲಿ ಎದ್ದಿದ್ದ ಹಗ್ಗದ ಬರೆ ನೋಡ್ಕೊಳ್ತಾ ಇದ್ಲು. ಕೆಳಗಿಂದ ಅವನ ದನಿ ಬರ್ತಿತ್ತು. ಮೊದಲು ಬೈಗುಳ. ಆಮೇಲೆ ಹೆಸರು. ಆಮೇಲೆ ಯಾರ ಜೊತೆಗೋ ಪಿಸುಮಾತು. ಒಬ್ಬರು ಮಾತಾಡೋದು, ಇನ್ನೊಬ್ಬರು ಉತ್ತರ ಕೊಡೋದು. ಎರಡೂ ಅವನದೇ ದನಿ.

"ನೀನು ಎದ್ದು ಹೋಗಿ ನೋಡ್ಲಿಲ್ವೇನೇ?" ಅಂತ ಕೇಳಿದೆ ನಾನು.

"ಇಲ್ಲ ಅಕ್ಕಾ" ಅಂದ್ಲು. "ಕಾಲು ನೋಯ್ತಿತ್ತು. ಏಳು ಗಂಟೆ ಕಾರು ಓಡಿಸಿದ್ದೆ."

ಆಮೇಲೆ ರಾಟೆ ಕಿರುಚಿತು. ಕಿರ್ರ್ರ್ರ್... ನಿಲ್ಲದೆ, ಉದ್ದಕ್ಕೆ. ನೀರಿಗೆ ಬಿದ್ದ ಸದ್ದು ಬರುತ್ತೆ ಅಂತ ಕಾದ್ಲು. ಬರ್ಲಿಲ್ಲ. ಎಷ್ಟು ಹೊತ್ತಾದ್ರೂ ಬರ್ಲಿಲ್ಲ.

ಕಾಲು ಗಂಟೆ ಬಿಟ್ಟು ಮೆಟ್ಟಿಲ ಮೇಲೆ ಹೆಜ್ಜೆ. ಟಪ್ ಟಪ್ ಅಲ್ಲ. ಬರಿಗಾಲು. ಒಂದೊಂದೇ ಮೆಟ್ಟಿಲು, ನಿಂತು ನಿಂತು. ರೂಮಿನ ಬಾಗಿಲು ತೆರೆದೇ ಇತ್ತು. ಆದ್ರೂ ಟಕ್, ಟಕ್ ಅಂತ ಚೌಕಟ್ಟಿಗೆ ಬಡಿದ ಸದ್ದು.

"ಒಳಗೆ ಬರ್ಲಾ?"

ಗುಬ್ಬಿ ಅವನನ್ನ ಮೇಲಿಂದ ಕೆಳಗೆ ನೋಡಿದ್ಲು. ಅದೇ ಮುಖ, ಅದೇ ಕೋಟು, ಅದೇ ಬಾಚಿದ ತಲೆ. ತುಂಬ ಹೊತ್ತು ಯೋಚನೆ ಮಾಡಿದ್ಲಂತೆ.

"ಬಾ" ಅಂದ್ಲು. ಬನ್ನಿ ಅನ್ನಲಿಲ್ಲ.

ಬೆಳಿಗ್ಗೆ ಮನೆಯೊಡತಿ ಕಾಫಿ ತಂದವಳು ಅವನ ಮುಖ ನೋಡಿದ್ಲು. ಎರಡನೇ ಲೋಟ ಟ್ರೇಯಿಂದ ಇಳಿಸಲೇ ಇಲ್ಲ. ಗುಬ್ಬಿಗೆ ಮಾತ್ರ, "ದಾರೀಲಿ ಮಂಜು ಇದೆ, ನಿಧಾನ ಓಡಿಸಮ್ಮ" ಅಂದು ಒಳಗೆ ಹೋಗಿ ಅಗುಳಿ ಹಾಕ್ಕೊಂಡ್ಲು.

ಅವತ್ತು ಬೆಳಿಗ್ಗೆಯೆಲ್ಲ ಗುಬ್ಬಿ ದಂಡೆಯಲ್ಲಿ ಕೂತು ಸಮುದ್ರ ನೋಡಿದ್ಲು. ಅವನು ಪಕ್ಕದಲ್ಲಿ ಮಾತಾಡದೆ ಕೂತಿದ್ದ. ವಾಪಸ್ ಬರುವಾಗ ಏಳು ಗಂಟೆಯಲ್ಲಿ ಒಂದೇ ಒಂದು ಮಾತು. "ಚೆನ್ನಾಗಿ ಓಡಿಸ್ತೀಯ."

ಈಗ ನಮ್ಮ ಮನೆಯೋರ ಸಂಭ್ರಮ ನೋಡ್ಬೇಕು! "ಸಮುದ್ರದ ಗಾಳಿ ತಾಗಿ ಎಷ್ಟು ಬದಲಾಗಿದ್ದಾರೆ ನೋಡಿ ಅಳಿಯಂದಿರು. ಎಷ್ಟು ವಿನಯ, ಎಷ್ಟು ನಯ!" ಅಂತ ನಮ್ಮ ಚಿಕ್ಕಮ್ಮ ಸಿಕ್ಕಸಿಕ್ಕವರ ಹತ್ರ ಹೇಳ್ತಾಳೆ. ಹತ್ತು ವರ್ಷ ಮಗಳು ಸೊರಗಿದ್ದು ಕಾಣದ ಕಣ್ಣಿಗೆ ಇದು ಹೇಗೆ ಕಾಣ್ಬೇಕು? ಆಫೀಸಲ್ಲೂ ಅಷ್ಟೇ. ಟೆಸ್ಟಿಗೆ ಬಂದೋರನ್ನೆಲ್ಲ ಪಾಸ್ ಮಾಡ್ತಾನಂತೆ. ಮೊನ್ನೆ ಒಬ್ಬ ಬ್ರೇಕು ಯಾವುದು ಅಂತ ಕೇಳಿದ್ನಂತೆ, ಅವನೂ ಪಾಸು. ರಸ್ತೆ ದಾಟುವಾಗ ಹುಷಾರಾಗಿರಿ ಎಲ್ಲರೂ.

ಅಲ್ಲಿ ಮೂಲೇಲಿ ನಗ್ತಿರೋರು ನಗಿ. ನಾನು ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳು. ಇದನ್ನ ಗುಬ್ಬಿ ನನಗೆ ಅಡುಗೆಮನೆಯಲ್ಲಿ ಕಿವಿ ಹತ್ರ ಬಾಯಿಟ್ಟು ಹೇಳಿದಾಗ ನಾನೂ ಮನಸ್ಸಲ್ಲೇ ನಕ್ಕಿದ್ದೆ. ಗಂಡನ ಕಾಟಕ್ಕೆ ಹುಡುಗಿ ತಲೆ ಕೆಡಿಸ್ಕೊಂಡಿದ್ದಾಳೆ ಅಂತ.

ಹೋದ ಭಾನುವಾರ ಅವಳ ಮನೆಗೆ ಹೋಗಿದ್ದೆ. ಸಂಜೆ ಆರು. ಹೊರಗೆ ಮಳೆ. ಅಂಥಿಂಥ ಮಳೆ ಅಲ್ಲ, ಎದುರು ಮನೆ ಕಾಣದಷ್ಟು. ಗುಬ್ಬಿ ಸ್ನಾನಕ್ಕೆ ಹೋಗಿದ್ಲು. ಬೆಲ್ ಹೊಡೀತು, ನಾನೇ ಬಾಗಿಲು ತೆಗೆದೆ. ಗೊತ್ತಪ್ಪ. ಕೈಯಲ್ಲಿ ಛತ್ರಿ ಇಲ್ಲ, ಏನಿಲ್ಲ. ಪೇಟೆಯಿಂದ ನಡ್ಕೊಂಡೇ ಬಂದೆ ಅಕ್ಕಾ ಅಂದ. ಅವನ ಮನೆ, ಅವನು ಬರ್ತಾನೆ ಅಂತ ನಾನು ಒಳಗೆ ಹೋದೆ. ಹತ್ತು ನಿಮಿಷ ಬಿಟ್ಟು ನೋಡ್ತೀನಿ... ತೆರೆದ ಬಾಗಿಲಲ್ಲಿ ಹಾಗೇ ನಿಂತಿದ್ದಾನೆ. ನಗ್ತಾ.

ಗುಬ್ಬಿ ತಲೆ ಒರೆಸ್ಕೊಳ್ತಾ ಬಂದ್ಲು. ಅವನ ಕಡೆ ನೋಡ್ಲೂ ಇಲ್ಲ. "ಬಾ" ಅಂದ್ಲು. ಬಂದ.

ನನ್ನ ಪಕ್ಕ ಹಾದು ಹೋಗುವಾಗ ತೋಳು ತಾಗಿತು. ಬೇಕಂತಲೇ ಕೋಟು ಹಿಡಿದು ನೋಡಿದೆ. ಬೆನ್ನು ಮುಟ್ಟಿದೆ. ಕಾಲರ್ ಮುಟ್ಟಿದೆ. ಸುಳ್ಳು ಹೇಳಿ ನನಗೇನಾಗ್ಬೇಕು ಹೇಳಿ...

ಒಣಗಿತ್ತು.